ಹಸಿರು ದೀಪ ಮತ್ತು ಮಾಸ್ತರರ ಭಾರ

ಕಾರು ತಗೊಂಡ ಮೇಲೆ ನನಗೆ ಇಂಥ ಫಜೀತಿಗಳು ವಾರಕ್ಕೊಂದು ಆಗುತ್ತಲೇ ಇರುತ್ತವೆ. ಇದರಲ್ಲಿ ಒಂದಾಣೆ ಸುಳ್ಳಿದೆ. ಯಾವುದಂತ ನನಗೂ ಮರೆತಿದೆ.

ನನ್ನದು ಗಾಳಿ ಹೆಚ್ಚು, ಪೆಟ್ರೋಲ್ ಕಮ್ಮಿ ಉರಿಸುವ ಎಂಜಿನ್. ಅದು ಕಾದಿರಬೇಕು, ರಸ್ತೆ ಸಪಾಟಿರಬೇಕು, ಪೆಡಲಿನ ಮೇಲಿನ ಕಾಲು ಒಂದೇ ಹದದಲ್ಲಿರಬೇಕು. ಆಗಷ್ಟೇ, ಪೆಟ್ರೋಲ್ ಉಳಿಯುತ್ತಿದೆ ಅಂತ, ಡ್ಯಾಶ್‌ಬೋರ್ಡಿನಲ್ಲಿ ಹಸಿರು ದೀಪ ಹತ್ತುತ್ತದೆ. ಒಬ್ಬನೇ ಇರುವವನಿಗೆ ಅದೇ ದೀಪಾವಳಿ.

ಕಂಬಳಿ

ಬೆಳಗಾವಿಯ ಚಳಿಗೆ ಎಂಜಿನ್ ಬೇಗ ಕಾಯುವುದಿಲ್ಲ. ಬಾನೆಟ್ಟಿಗೆ ಕಂಬಳಿ ಹೊದಿಸಿದೆ. ಬೆಳಿಗ್ಗೆ, ಓಣಿಯವರೆಲ್ಲ ಕಾಕು ಅನ್ನುವ ಎದುರುಮನೆ ಹೆಂಗಸು ಕೇಳಿದರು, "ಯಾರಿಗಿ ಆರಾಮಿಲ್ಲರಿ ಅಣ್ಣಾರ?"

"ಇವಂಗ ರೀ ಕಾಕು. ಮೈಯೆಲ್ಲಾ ತಣ್ಣಗಾಗೇತಿ."

ನಗದೇ ಒಳಗೆ ಹೋಗಿ ಶುಂಠಿ ಕಷಾಯ ತಂದರು. "ತಗೋರಿ. ಗಾಡಿಗಿ ಹಾಕ್ತೀರೋ, ತಲಿಗಿ ಹಾಕ್ತೀರೋ ನೋಡ್ರಿ."

ಕುಡಿದವ ನಾನು. ಆ ವಾರ ನನ್ನ ಬಾಗಿಲಿಗೆ ಬಂದದ್ದು ಅದೊಂದೇ ಲೋಟ.

ಏರು

ನಾನು ಖಾನಾಪುರದ ಕಚೇರಿಗೆ, ಬಾಜು ಮನೆಯ ಮಾಸ್ತರರು ಅಲ್ಲಿನ ಶಾಲೆಗೆ, ದಿನಾ ಒಂದೇ ಕಾರು, ದಾರಿಯುದ್ದ ನನ್ನದೇ ಹರಟೆ. ಅವರು ಕೂತರೆ ಸಪಾಟ ರಸ್ತೆಯಲ್ಲೂ ದೀಪ ಹತ್ತುತ್ತಿರಲಿಲ್ಲ. ಒಂದು ಭಾನುವಾರ ಜಾಂಬೋಟಿ ಕಡೆ ಹೊರಟಿದ್ದೆವು. ಏರು ಬಂತು. ಏರಿನಲ್ಲಿ ದೀಪ ಯಾರಿಗೂ ಹತ್ತುವುದಿಲ್ಲ, ನನಗೆ ಗೊತ್ತಿತ್ತು. ಆದರೂ ನಾಲಿಗೆ ತುರಿಸಿತು:

"ಮಾಸ್ತರ, ನಿಮ್ಮ ಭಾರಕ್ಕ ದೀಪ ಆರೇತಿ. ಇಳೀರಿ."

"ರೊಟ್ಟಿ ಡಬ್ಬಿ ಇಲ್ಲೇ ಇಡ್ಲೇನ್ರಿ?"

"ಅದೂ ಭಾರನ ಐತಿ."

ಖರೇನೇ ಇಳಿದುಬಿಟ್ಟರು! ಏರಿನ ತುದಿಯಲ್ಲಿ ಕಾಯುತ್ತ ನಿಂತೆ. ಗೊಬ್ಬರದ ಚೀಲ ತುಂಬಿದ ಟ್ರ್ಯಾಕ್ಟರ್ ಬಂತು. ಮೇಲೆ ಡಬ್ಬಿ ಹಿಡಿದು ಮಾಸ್ತರರು. "ಇದಕ್ಕ ನಾ ಭಾರ ಆಗಂಗಿಲ್ರೀ!" ಅಂತ ಕೂಗಿ ಹೋದರು.

ಮರುದಿನದಿಂದ ಬಸ್ಸು ಹಿಡಿದರು.

ದೀಪ

ಆಮೇಲೆ ದಾರಿಯಲ್ಲಿ ಮಚ್ಛೆ ಊರು ದಾಟಿದರೆ ಸಾಕು, ಹಸಿರು ದೀಪ ಹತ್ತಿಯೇ ಇರುತ್ತಿತ್ತು. ಇಂಥ ಮೈಲೇಜು ಯಾರಿಗೂ ಬಂದಿಲ್ಲ. ಹೇಳಿಕೊಳ್ಳೋಣವೆಂದರೆ ಬಾಜು ಸೀಟು ಖಾಲಿ.

ತಿಂಗಳು ಕಳೆದು, ದೀಪದ ಮೇಲೆ ಕರಿ ಟೇಪು ಅಂಟಿಸಿ ಬಸ್‌ ಸ್ಟಾಪಿಗೆ ಹೋದೆ. ಮಾಸ್ತರರು ಡಬ್ಬಿ ಸಮೇತ ಕೂತರು. ತಪ್ಪಾಯಿತು ಅನ್ನಲು ಮಾತು ಹುಡುಕುತ್ತ, ಜನ್ಮದಲ್ಲಿ ಮೊದಲ ಸಲ, ಜೊತೆಗೊಬ್ಬರಿದ್ದೂ ಬಾಯಿ ಮುಚ್ಚಿ ಓಡಿಸಿದೆ. ದೇಸೂರ ಹತ್ತಿರ ಅವರು ಟೇಪು ಕಿತ್ತರು.

"ದೀಪ ಹತ್ತೇತಲ್ರೀ! ನಾನೂ ಕುಂತೇನಿ, ರೊಟ್ಟಿನೂ ಅದಾವ!"

"ಖರೇನ ಮಾಸ್ತರ? ಅಂದ್ರ ಇಷ್ಟು ದಿನ..." ದೀಪ ಆರಿತು.

ಮಾಸ್ತರರು ನನ್ನ ಕಾಲು ನೋಡಿದರು. "ನೀವು ಬಾಯಿ ತೆಗದ್ರ ಕಾಲು ಒತ್ತತೈತಿ. ಭಾರ ನಂದಲ್ಲರೀ, ನಿಮ್ಮ ಮಾತಿಂದು. ಸುಮ್ಮನಿರ್ರಿ, ತಾನ ಹತ್ತತೈತಿ."

ಖಾನಾಪುರ ಮುಟ್ಟುವ ತನಕ ದೀಪ ಹತ್ತಲಿಲ್ಲ.