ಮೆಟ್ಟಿಲ ಕುರ್ಚಿಯೂ ಇಬ್ಬರು ವಾರಗಿತ್ತಿಯರೂ

ನಮ್ಮ ಮನೆಗೆ ಹೊಸದಾಗಿ ಏನೇ ಬರಲಿ, ಅದರ ಹಿಂದೆಯೇ ಒಂದು ಪಂಚಾಯ್ತಿಯೂ ಒಳಗೆ ಬಂದುಬಿಡುತ್ತದೆ. ಈ ಸಲ ಬಂದದ್ದು ಮೆಟ್ಟಿಲ ಕುರ್ಚಿ. ಮೆಟ್ಟಿಲ ಪಕ್ಕದಲ್ಲಿ ಒಂದು ಹಳಿ, ಅದರ ಮೇಲೆ ಕುರ್ಚಿ. ಕೂತು ಗುಂಡಿ ಒತ್ತಿದರೆ ಮಹಡಿಗೆ ಹತ್ತಿಸುತ್ತದೆ.

ಅರಸೀಕೆರೆಯಲ್ಲಿ ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ಕೆಳಗೆ ನನ್ನ ಅತ್ತೆ, ಮಹಡಿಯಲ್ಲಿ ಅವರ ವಾರಗಿತ್ತಿ, ಅಂದರೆ ನಮ್ಮ ದೊಡ್ಡತ್ತೆ. ದಿನಾ ಮಧ್ಯಾಹ್ನ ಇಬ್ಬರೂ ಎದುರುಬದುರು ಕೂತು ಎಲೆಅಡಿಕೆ ಹಾಕಿ, ಜಗಳವಾಡಿ, ಇನ್ನು ಮಾತಿಲ್ಲ ಎಂದು ಎದ್ದು, ಮರುದಿನ ಮತ್ತೆ ಕೂರುತ್ತಿದ್ದವರು. ಇಬ್ಬರಿಗೂ ಮಂಡಿ ಕೈಕೊಟ್ಟ ಮೇಲೆ ಅದು ನಿಂತೇಹೋಯಿತು. ಒಬ್ಬರು ಮೆಟ್ಟಿಲ ಕೆಳಗೆ, ಇನ್ನೊಬ್ಬರು ಮೇಲೆ ನಿಂತು ಕೂಗಾಡುವುದಷ್ಟೇ ಉಳಿಯಿತು. ಅತ್ತೆ ಒಬ್ಬರೇ ಎಲೆ ಮಡಚಿ, ತಿನ್ನದೆ ತಟ್ಟೆಯಲ್ಲಿಡುವುದನ್ನು ನನ್ನಿಂದ ನೋಡಲಾಗಲಿಲ್ಲ. ನಮ್ಮವರ ತಲೆ ತಿಂದು ಕುರ್ಚಿ ಕಂಪನಿಯವರನ್ನು ಕರೆಸಿದೆ.

ಯಾರಿಗೆ?

ಅಳತೆಗೆ ಬಂದವರು ಮೊದಲು ಕೇಳಿದ್ದು, “ಯಾರು ಬಳಸೋದು ಮೇಡಂ? ಕೂತು ಏಳೋಕೆ ಅವರಿಗೆ ಆಗುತ್ತಾ ನೋಡ್ಬೇಕು.”

“ಅಕ್ಕಂಗೆ ಕಣಪ್ಪ. ಪಾಪ, ಅವರ ಕೈಲಿ ಇಳಿಯಕ್ಕಾಗಲ್ಲ. ನಂಗೇನಾಗೈತೆ?” ಅಂದರು ಅತ್ತೆ, ಕೂತಲ್ಲಿಂದ ಏಳದೆ.

ಅಳತೆಯವರು ಮಹಡಿಗೆ ಹೋದರು. ದೊಡ್ಡತ್ತೆ ಮಂಚದ ಮೇಲಿಂದಲೇ, “ನಂಗ್ಯಾಕೆ? ಕೆಳಗಿರೋಳಿಗೆ ಹಾಕಿ. ಅವಳ ಮಂಡಿ ಕಟಕಟ ಅನ್ನೋದು ಇಲ್ಲಿಗಂಟ ಕೇಳ್ತೈತೆ” ಅಂದರಂತೆ.

ಪಾಪದ ಮನುಷ್ಯ ಇಳಿದು ಬಂದು ಟೇಪು ಸುತ್ತಿಕೊಳ್ಳುತ್ತ ಹೇಳಿದರು: “ಮೇಡಂ, ಈ ಮನೇಲಿ ಮಂಡಿನೋವಿರೋರು ಯಾರೂ ಇಲ್ವಂತೆ. ಕುರ್ಚಿ ನಿಮಗಾ?”

ತೂಕ

ಕುರ್ಚಿ ಹೊರುವ ತೂಕಕ್ಕೂ ಒಂದು ಮಿತಿ ಇದೆಯಂತೆ. ತೂಕ ಕೇಳಿದರೆ ಹೇಳುವ ಹೆಂಗಸರು ನಮ್ಮ ಮನೆಯಲ್ಲಿಲ್ಲ. ನಮ್ಮವರು ಅತ್ತೆಯನ್ನು ಮನೆ ಮುಂದಿನ ಗೋಡೌನಿಗೆ ಕರೆದುಕೊಂಡು ಹೋಗಿ, ಕೊಬ್ಬರಿ ಮೂಟೆ ತೂಗುವ ಮಷೀನಿನ ಮೇಲೆ ನಿಲ್ಲಿಸಿದರು. ಹಮಾಲಿಗಳನ್ನೆಲ್ಲ ಮೊದಲೇ ಟೀಗೆ ಅಟ್ಟಿದ್ದಾಗಿತ್ತು.

ಅಂಕಿ ನೋಡಿದ ಅತ್ತೆ ಮಗನನ್ನು ದುರುಗುಟ್ಟಿ ನೋಡಿದರು. “ಮೂಟೆ ತೂಗಿದಾಗ ಚೀಲದ ತೂಕ ಕಳೀತೀಯೋ ಇಲ್ವೋ?”

“ಕಳೀತೀನಿ ಕಣಮ್ಮ.”

“ಹಂಗಾದ್ರೆ ಸೀರೆ, ಬಳೆ, ಬೀಗದಕೈ ಗೊಂಚಲು ಎಲ್ಲಾ ಕಳೆದು ಹೇಳು!”

ಪೂಜೆ

ಕುರ್ಚಿ ಬಂತು. ಕಂಪನಿಯವರು ಕೂರಿಸಿ, ನಾನು ಕುತೂಹಲಕ್ಕೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಕರೆಂಟ್ ಹೋದರೆ? ಬ್ಯಾಟರಿ ಇದೆ. ಬೇರೆಯವರು ಓಡಾಡೋಕೆ? ಮಡಚಿಡಬಹುದು. ಕುರ್ಚಿ ಇನ್ನೊಂದು ತುದಿಯಲ್ಲಿದ್ದರೆ? ಮೇಲೊಂದು, ಕೆಳಗೊಂದು ಗುಂಡಿ ಇದೆ. ಒತ್ತಿದ ಕಡೆಗೆ ಬರುತ್ತದೆ. “ಆದ್ರೆ ಕೂತವರು ಕೈಹಿಡಿ ಮೇಲಿನ ಗುಂಡಿ ಒತ್ತಿಕೊಂಡೇ ಇರ್ಬೇಕು. ಕೈ ತೆಗೆದ್ರೆ ನಿಲ್ಲುತ್ತೆ.”

ನಮ್ಮವರು ಸೀಟಿಗೆ ಕುಂಕುಮ ಹಚ್ಚಿ, ಹೂವು ಮುಡಿಸಿ, ಕಾಯಿ ಒಡೆದರು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು.

“ಪೂಜೆ ಮಾಡಿದ್ರ ಮೇಲೆ ಕೂರದಾ? ಪಾಪ ಬರಲ್ವಾ?”

“ಕಾರಿಗೂ ಪೂಜೆ ಮಾಡಿ ಕೂತಿಲ್ವೇನಮ್ಮ?”

“ಅಲ್ಲಿ ಬಾನೆಟ್ಟಿಗೆ ಮಾಡಿದ್ದು ಕಣೋ, ಸೀಟಿಗಲ್ಲ!”

ಸೀಟು ಒರೆಸಿ, ಕುಂಕುಮವನ್ನು ಹಳಿಗೆ ಹಚ್ಚಿದ ಮೇಲೆಯೇ ಅತ್ತೆ ಕೂತದ್ದು.

ಸಿಟ್ಟು

ಅತ್ತೆ ಮಹಡಿ ತಲುಪಿದಾಗ ಇಬ್ಬರೂ ಕೈ ಕೈ ಹಿಡಿದುಕೊಂಡು ಕೂತರು. ನನಗೂ ಕಣ್ಣು ತುಂಬಿತು. ತುಂಬಿದ್ದು ಆರುವ ಮೊದಲೇ ಜಗಳ ಶುರುವಾಯಿತು. ಅತ್ತೆಯ ತವರು ಕಣಕಟ್ಟೆ, ದೊಡ್ಡತ್ತೆಯದು ಗಂಡಸಿ. ಯಾವ ಊರಿನ ತೆಂಗಿನಕಾಯಿ ಸಿಹಿ ಎನ್ನುವ ಹಳೇ ವ್ಯಾಜ್ಯ.

“ಇನ್ನು ಈ ಮಹಡಿ ಮೆಟ್ಟಿಲು ತುಳಿದ್ರೆ ಕೇಳಿ!” ಎಂದು ಅತ್ತೆ ಧಡಕ್ಕನೆ ಎದ್ದರು. ಹಿಂದೆಲ್ಲ ಹಾಗೆ ಎದ್ದರೆ ದಡದಡ ಇಳಿದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಈಗ ಕುರ್ಚಿಯಲ್ಲಿ ಕೂತು, ಬೆಲ್ಟು ಹಾಕಿಕೊಂಡು, ಗುಂಡಿ ಒತ್ತಬೇಕು. ಕುರ್ಚಿ ತನ್ನ ಪಾಡಿಗೆ ತಾನು ಗುಂಯ್ ಎನ್ನುತ್ತ ನಿಧಾನವಾಗಿ ಇಳಿಯಿತು.

“ಓಗು, ಓಗು! ಕಣಕಟ್ಟೆ ಕಾಯಿ ದನವೂ ಮೂಸಲ್ಲ!” ಅಂದರು ದೊಡ್ಡತ್ತೆ.

ಉತ್ತರ ಕೊಡದೆ ಇರುವುದು ಹೇಗೆ? ಕೈ ಆಡಿಸದೆ ಜಗಳವಾಡುವುದು ಅತ್ತೆಗೆ ಗೊತ್ತಿಲ್ಲ. ಕೈ ಎತ್ತಿದರು, ಕುರ್ಚಿ ನಿಂತಿತು. ಗುಂಡಿ ಒತ್ತಿದರು, ಹೊರಟಿತು. ಮತ್ತೊಂದು ಮಾತು ನೆನಪಾಯಿತು, ಮತ್ತೆ ನಿಂತಿತು. ಸಿಟ್ಟು ಮಾಡಿಕೊಂಡು ಹೊರಟುಹೋದವರು ಅರ್ಧ ದಾರಿಯಲ್ಲೇ ಇದ್ದರು.

ಆಗ ದೊಡ್ಡತ್ತೆ ಗೋಡೆ ಹಿಡಿದು ಎದ್ದುಬಂದು ಮೇಲಿನ ಗುಂಡಿ ಒತ್ತಿದರು. ಕುರ್ಚಿ ಅತ್ತೆಯನ್ನು ಕೂರಿಸಿಕೊಂಡೇ ವಾಪಸ್ ಮಹಡಿಗೆ ಹೊರಟಿತು.

“ಅಕ್ಕಾ, ಬಿಡಿ! ನಾನು ಮಾತು ಬಿಟ್ಟಿದ್ದೀನಿ!”

“ಬಿಡೀವಂತೆ ಬಾ. ಎಲೆಗೆ ಸುಣ್ಣ ಹಚ್ಚಾಗೈತೆ, ಹಾಕ್ಕೊಂಡು ಆಮೇಲೆ ಬಿಡು.”

ಅತ್ತೆ ಮುಖ ತಿರುಗಿಸಿಕೊಂಡೇ ಮೇಲೇರುತ್ತ ಕೂಗಿದರು: “ಅಡಿಕೆ ಸಣ್ಣಗೆ ಕತ್ತರಿಸಿ ಅಕ್ಕಾ. ಹಲ್ಲೂ ಹೋಗ್ಬಿಟ್ಟವೆ!”