ಕಾರಿನ ಮೂಗು, ಕಿವಿಯ ಹತ್ತಿ

ಸದ್ದು ಮಾಡುವ ವಸ್ತು ಕೆಲಸವನ್ನೂ ಮಾಡುತ್ತಿರಲೇಬೇಕು ಎಂಬುದು ನಮ್ಮ ಸಮಾಜದ ಮೂಢನಂಬಿಕೆಗಳಲ್ಲೆಲ್ಲ ಅತ್ಯಂತ ಗಟ್ಟಿಮುಟ್ಟಾದದ್ದು. ರಾಹುಕಾಲವನ್ನು ಲೆಕ್ಕಿಸದವರು ಸಿಗುತ್ತಾರೆ, ಬೆಕ್ಕು ಅಡ್ಡ ಬಂದರೂ ನಿಲ್ಲದೆ ನಡೆಯುವವರು ಸಿಗುತ್ತಾರೆ. ಆದರೆ ಸದ್ದಿಲ್ಲದ ಮಿಕ್ಸಿ ಚಟ್ನಿಯನ್ನು ನುಣ್ಣಗೆ ರುಬ್ಬೀತೆಂದು ನಂಬುವ ಒಬ್ಬರನ್ನೂ ನಾನು ಈವರೆಗೆ ಕಂಡಿಲ್ಲ. ಮೇಜು ಗುದ್ದುವ ನಾಯಕನೇ ದಕ್ಷ, ಕಿರುಚುವ ಮೇಷ್ಟರೇ ಶಿಸ್ತಿನವರು, ಧ್ವನಿವರ್ಧಕ ಕಟ್ಟಿದ ಭಕ್ತಿಯೇ ಭಕ್ತಿ. ಈ ನಂಬಿಕೆಯ ವಿರುದ್ಧ ನಾನು ಬಹಳ ಕಾಲದಿಂದ ಹೋರಾಡುತ್ತ ಬಂದಿದ್ದೇನೆ. ಶಿವಮೊಗ್ಗದ ರಾಗಿಗುಡ್ಡದ ಬುಡದಲ್ಲಿರುವ ನಮ್ಮ ಬಡಾವಣೆಯ ಶಬ್ದಮಾಲಿನ್ಯ ವಿರೋಧಿ ಸಮಿತಿಗೆ ನಾನೇ ಅಧ್ಯಕ್ಷೆ. ಹೆರಿಗೆ ಆಸ್ಪತ್ರೆಯ ಮುಂದಿನ ರಸ್ತೆಯನ್ನು ನಿಶ್ಶಬ್ದ ವಲಯವೆಂದು ಘೋಷಿಸಿ ಫಲಕ ಹಾಕಿಸಬೇಕು, ಸೈಲೆನ್ಸರ್ ಕಿತ್ತು ಓಡಾಡುವ ವಾಹನಗಳನ್ನು ಹಿಡಿಯಬೇಕು ಎಂಬುದು ನಮ್ಮ ಬೇಡಿಕೆ. ಇಷ್ಟನ್ನು ಹೆಮ್ಮೆಯಿಂದ ಹೇಳಿಕೊಂಡ ಮೇಲೆ, ಆ ಬಡಾವಣೆಯಲ್ಲೇ ಅತಿ ಹೆಚ್ಚು ಅಬ್ಬರಿಸುವ ವಾಹನ ನನ್ನ ಮನೆಯ ಪೋರ್ಟಿಕೋದಲ್ಲಿ ನಿಂತಿತ್ತೆಂಬುದನ್ನೂ ಹೇಳದೆ ವಿಧಿಯಿಲ್ಲ.

ಆ ವಾಹನ ನನ್ನ ಪತಿ ರವೀಂದ್ರನದು. ಅವನನ್ನು 'ಯಜಮಾನರು' ಎನ್ನಲು ನಾನು ಮದುವೆಯ ದಿನವೇ ನಿರಾಕರಿಸಿದವಳು. ಮನುಷ್ಯರಿಗೆ ಯಜಮಾನರಿರಬಾರದು ಎಂಬುದು ನನ್ನ ನಿಲುವು. ಆದರೆ ಈ ಕಾರಿಗೆ ಒಬ್ಬ ಯಜಮಾನ ಬೇಕಾಗಿದ್ದ, ರವೀಂದ್ರ ಆದ. ಬೆಂಗಳೂರಿನಲ್ಲಿ ಯಾರೋ ಓಡಿಸಿ ಬೇಸತ್ತು ಮಾರಿದ, ಎರಡೇ ಬಾಗಿಲಿನ, ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರು ಅದು. ನೆಲಕ್ಕೆ ಎಷ್ಟು ಅಂಟಿಕೊಂಡಿದೆಯೆಂದರೆ, ನಮ್ಮ ಊರಿನ ಹಂಪುಗಳನ್ನು ನೇರವಾಗಿ ದಾಟಲಾರದೆ ಏಡಿಯಂತೆ ಓರೆಯಾಗಿ ಹತ್ತಿ ಓರೆಯಾಗಿ ಇಳಿಯುತ್ತದೆ. ಹಿಂದಿನ ಆಟೋದವರು ಅಷ್ಟೂ ಹೊತ್ತು ನಮ್ಮ ವಂಶಾವಳಿಯನ್ನು ವಿಚಾರಿಸುತ್ತಾರೆ. ನನ್ನ ಅತ್ತೆ ಅದರೊಳಗೆ ಒಮ್ಮೆ ಕೂತರು. ಹೊರಗೆ ತೆಗೆಯಲು ಇಬ್ಬರು ಬೇಕಾದರು. ಇಂಥ ಕಾರು ಕೋಟೆ ರಸ್ತೆಯ ತರಕಾರಿ ಗಾಡಿಗಳ ನಡುವೆ ನುಸುಳುವ ವೇಗದಲ್ಲಿ ನಾನು ನಡೆದೇ ಹೋಗಬಲ್ಲೆ, ಹೋಗಿದ್ದೇನೆ ಕೂಡ. ಇದು ಸಂಪತ್ತಿನ ಪ್ರದರ್ಶನ, ಇಂಧನದ ದುಂದು, ಗಂಡಸುತನದ ಬಗೆಗಿನ ಹಳಸಿದ ಕಲ್ಪನೆ, ಇವೆಲ್ಲವೂ ಹೌದೆಂದು ನಾನು ಊಟದ ಹೊತ್ತಿನಲ್ಲಿ ಹಲವು ಸಲ ಸವಿವರವಾಗಿ ನಿರೂಪಿಸಿದ್ದೇನೆ. ರವೀಂದ್ರ ಪ್ರತಿ ಸಲವೂ "ಸರಿ, ಮಜ್ಜಿಗೆ ಹಾಕು" ಎಂದಿದ್ದಾನೆ.

ಅಷ್ಟಕ್ಕೇ ನಿಂತಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆನೇನೋ. ಒಂದು ದಿನ ಅವನು ಭದ್ರಾವತಿಯಲ್ಲಿ ಕಾರಿನ ಬಿಡಿ ಅಲಂಕಾರಗಳನ್ನು ಮಾರುವ ಸೆಲ್ವಂ ಎಂಬವನ ಅಂಗಡಿಗೆ ಹೋದ. ಸೀಟಿನ ಕವರು ತರಲು ಹೋದವನು ಕಾರಿಗೆ ಹೊಸ ಮೂಗನ್ನೇ ಹಾಕಿಸಿಕೊಂಡು ಬಂದ. ಕಂಪನಿಯವರು ಇಂಜಿನ್ನಿಗೆ ಗಾಳಿ ಹೋಗಲೆಂದು ಒಂದು ಕಪ್ಪು ಡಬ್ಬ ಇಟ್ಟು, ಅದರೊಳಗೆ ಶೋಧಕ ಕೂರಿಸಿ, ಅಲ್ಲಿಂದ ಮುಂಭಾಗದ ಜಾಲರಿಯವರೆಗೆ ಕೊಳವೆ ಎಳೆದಿರುತ್ತಾರೆ. ಹೊರಗಿನ ತಣ್ಣನೆಯ ಗಾಳಿ ಅಲ್ಲಿಂದ ಬರುತ್ತದೆ. ಸೆಲ್ವಂ ಆ ಡಬ್ಬವನ್ನು ಕಿತ್ತು ಡಿಕ್ಕಿಗೆ ಹಾಕಿ, ಅದರ ಜಾಗದಲ್ಲಿ ಶಂಕುವಿನಾಕಾರದ, ಬೆಳ್ಳಿಯಂತೆ ಹೊಳೆಯುವ ಟೋಪಿ ಹೊತ್ತ, ಎಣ್ಣೆ ಸವರಿದ ಹತ್ತಿಬಟ್ಟೆಯ ಒಂದು ಶೋಧಕವನ್ನು ಬರಿಮೈಯಲ್ಲಿ ನಿಲ್ಲಿಸಿದ್ದ. "ಕಂಪನಿಯೋರು ಮೂಗು ಕಟ್ಟಿ ಕಳಿಸ್ತಾರೆ ಸಾರ್. ಇಂಜಿನ್ ಪಾಪ ಬಾಯಲ್ಲಿ ಉಸಿರಾಡ್ತಾ ಇದೆ. ಫ್ರೀಯಾಗಿ ಬಿಡಿ, ಪಿಕಪ್ ನೋಡಿ" ಎಂದನಂತೆ.

ರವೀಂದ್ರ ಮಾಚೇನಹಳ್ಳಿಯಲ್ಲಿ ಲೇತ್ ವರ್ಕ್‌ಶಾಪ್ ನಡೆಸುವವನು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ವರ್ನಿಯರ್ ಹಿಡಿದು ಅಳೆದು, ಮಾಲನ್ನು ವಾಪಸು ಕಳಿಸುವವನು. ಅಂಥವನು ಒಬ್ಬ ಅಂಗಡಿಯವನ ಬಾಯಿಮಾತಿಗೆ ಹಾರ್ಸ್‌ಪವರುಗಳನ್ನು ಎಣಿಸತೊಡಗಿದ್ದ! ಆ ಕಾರನ್ನು ರೂಪಿಸಿದ ಇಂಜಿನಿಯರುಗಳು ಅಷ್ಟೆಲ್ಲ ತಲೆಕೆಡಿಸಿಕೊಂಡು ಡಬ್ಬ ಮಾಡಿದ್ದು ಸುಮ್ಮನೆಯೇ? ತಣ್ಣನೆಯ ಗಾಳಿಯ ದಾರಿಯನ್ನು ಮುಚ್ಚಿ, ಕುದಿಯುವ ಇಂಜಿನ್ನಿನ ಪಕ್ಕದಲ್ಲೇ ಮೂಗು ಇಟ್ಟು ಬಿಸಿಗಾಳಿ ಕುಡಿಸಿದರೆ ಯಾವ ಶಕ್ತಿ ಹೆಚ್ಚುತ್ತದೆ? ಬಿಸಿಗಾಳಿ ತೆಳುವಾದದ್ದೆಂದು ಪ್ರೌಢಶಾಲೆಯಲ್ಲಿ ಓದಿಲ್ಲವೇ? ಇದನ್ನೆಲ್ಲ ನಾನು ಕೇಳಿದೆ.

"ಅದೆಲ್ಲ ಪುಸ್ತಕದ್ದು ಮಾರಾಯ್ತಿ. ನೀನು ಒಂದ್ಸಲ ಕೂತು ನೋಡು. ಕಾಲಿಟ್ರೆ ಹೆಂಗೆ ಎಳೆಯತ್ತೆ ಗೊತ್ತಾ!"

ನಾನು ಕೂತೆ. ಕಾರು ಎಳೆಯಲಿಲ್ಲ, ಗರ್ಜಿಸಿತು. ಡಬ್ಬದೊಳಗೆ ಮಗ್ಗುಲಾಗಿ ಮಲಗಿದ್ದ ಸದ್ದೆಲ್ಲ ಎದ್ದು ಹೊರಗೆ ಬಂದಿತ್ತು. ಆಸ್ಪತ್ರೆಯ ಮುಂದೆ ಹೋಗುವಾಗ ಒಬ್ಬ ನರ್ಸ್ ಕಿಟಕಿ ಮುಚ್ಚಿದರು. ಮುಚ್ಚುವ ಮುನ್ನ ನನ್ನ ಮುಖವನ್ನು ಗುರುತಿಸಿದರು. ಸಮಿತಿಯ ಉಪಾಧ್ಯಕ್ಷ ಜಯಣ್ಣ ಮರುದಿನವೇ ಮನೆಗೆ ಬಂದರು. ಭಾನುವಾರ ಕೋಟೆ ರಸ್ತೆಯ ಸಭಾಭವನದಲ್ಲಿ ಸಂಚಾರ ಇನ್ಸ್‌ಪೆಕ್ಟರ್ ನಮ್ಮ ಅಹವಾಲು ಕೇಳಲು ಒಪ್ಪಿದ್ದರು. "ಮೇಡಂ, ನಿಮ್ಮನೇಲಿ ಇದನ್ನ ಇಟ್ಕೊಂಡು ಸಾಹೇಬ್ರ ಮುಂದೆ ನಾವು ಯಾವ ಮುಖ ಇಟ್ಕೊಂಡು ನಿಂತ್ಕೊಳ್ಳೋದು? ಅದು ಹೋಗ್ಬೇಕು, ಇಲ್ಲ ನೀವು..." ಎಂದು ಅವರು ವಾಕ್ಯವನ್ನು ಮುಗಿಸದೆ ಕಾಫಿಯನ್ನು ಮಾತ್ರ ಮುಗಿಸಿದರು.

ಮುಗಿಸದ ವಾಕ್ಯಗಳೇ ಮನುಷ್ಯನನ್ನು ಹೆಚ್ಚು ಚುಚ್ಚುತ್ತವೆ. ನಾನು ರವೀಂದ್ರನೊಂದಿಗೆ ಒಪ್ಪಂದ ಮಾಡಿಕೊಂಡೆ. ಪರೀಕ್ಷೆ ನಡೆಯಲಿ. ಹೊಸ ಮೂಗಿನಿಂದ ಕಾರಿನ ವೇಗ ಒಂದಿಷ್ಟಾದರೂ ಹೆಚ್ಚಿದರೆ ನಾನು ಅಧ್ಯಕ್ಷಸ್ಥಾನ ಬಿಡುತ್ತೇನೆ. ಹೆಚ್ಚದಿದ್ದರೆ ಭಾನುವಾರದೊಳಗೆ ಹಳೆಯ ಡಬ್ಬ ಮರಳಿ ಬರಬೇಕು. "ಕುರ್ಚಿ ಬಿಡ್ತೀಯಾ? ನೀನು?" ಎಂದು ಅವನು ಕೇಳಿದ ಧಾಟಿಯಲ್ಲಿ ನನಗೆ ಅಪಮಾನ ಕಂಡಿತು, ಆದರೆ ಅದನ್ನು ಮುಂದಿನ ಊಟಕ್ಕೆ ಎತ್ತಿಟ್ಟೆ.

ಪರೀಕ್ಷೆಗೆ ಮೊದಲು ಒಂದು ವಿಘ್ನ ಬಂತು, ಪೂಜೆಯ ರೂಪದಲ್ಲಿ. ಲೇತ್ ಇರುವ ಮನೆಗಳಲ್ಲಿ ಹೊಸ ಯಂತ್ರ ಬಂದರೆ, ಅದು ಒಂದು ಗಿಲೀಟು ಟೋಪಿಯೇ ಆಗಿರಲಿ, ಅರಿಶಿನ ಕುಂಕುಮವಿಲ್ಲದೆ ಅದನ್ನು ಮುಖ್ಯ ಕೆಲಸಕ್ಕೆ ಹಚ್ಚುವುದಿಲ್ಲ. ಅತ್ತೆ ತಟ್ಟೆ ಹಿಡಿದು ಬಂದರು. ಬಾನೆಟ್ ಎತ್ತಿದರೆ ಈಗಿನ ಕಾರುಗಳಲ್ಲಿ ಪೂಜಿಸಲು ಏನೂ ಕಾಣಿಸುವುದಿಲ್ಲ. ಎಲ್ಲವನ್ನೂ ಕಪ್ಪು ಪ್ಲಾಸ್ಟಿಕ್ ಮುಚ್ಚಿರುತ್ತದೆ. ಅದರ ನಡುವೆ ಮಗುಚಿಟ್ಟ ಕಲಶದಂತೆ ಹೊಳೆಯುತ್ತಿದ್ದುದು ಸೆಲ್ವಂನ ಶೋಧಕ ಮಾತ್ರ. ಅತ್ತೆಗೆ ದೇವರು ಸಿಕ್ಕಿದ. ಅದಕ್ಕೆ ಅರಿಶಿನ ಬಳಿದರು, ಕುಂಕುಮವಿಟ್ಟರು, ಅಕ್ಷತೆ ಹಾಕಿದರು, ಕೊರಳಿಗೆ ಚೆಂಡುಹೂವಿನ ಮಾಲೆ ಸುತ್ತಿದರು. ಯಂತ್ರಕ್ಕೆ ಪೂಜೆ ಮಾಡುವುದು ಯಂತ್ರಕ್ಕೂ ಅವಮಾನ, ಅದನ್ನು ಮಾಡಿದ ಕಾರ್ಮಿಕನ ಕೈಗೂ ಅವಮಾನ ಎಂದು ನಾನು ಅಲ್ಲಿಯೇ ನಿಂತು ವಿವರಿಸಿದೆ.

"ನಿಂದು ಭಾಷಣ, ನಂದು ಪೂಜೆ. ಎರಡಕ್ಕೂ ಕಾರು ಸುಮ್ನೆ ನಿಂತಿರತ್ತೆ ಬಿಡೇ" ಎಂದ ಅತ್ತೆ, ಮಗನ ಕಡೆ ತಿರುಗಿ, "ಸ್ಟಾರ್ಟ್ ಮಾಡೋ" ಎಂದರು. ಧೂಪದ ಹೊಗೆಯ ನಡುವೆ ಕಾರು ಗರ್ಜಿಸಿತು. ಮಾಲೆ ಒಮ್ಮೆ ನಡುಗಿದ್ದನ್ನು ನಾನು ನೋಡಿದೆ. ನೋಡಿ, ಮೌಢ್ಯದ ಬಗ್ಗೆ ಇನ್ನೊಂದು ಮಾತು ಸೇರಿಸುವುದರಲ್ಲಿ ಮಗ್ನಳಾದೆ.

ಸಾರ್ವಜನಿಕ ರಸ್ತೆಯಲ್ಲಿ ವೇಗದ ಪರೀಕ್ಷೆ ನಡೆಸುವುದು ಕಾನೂನುಬಾಹಿರ, ಅನೈತಿಕ, ಮತ್ತು ಶಿವಮೊಗ್ಗ–ಭದ್ರಾವತಿ ರಸ್ತೆಯ ದಟ್ಟಣೆಯಲ್ಲಿ ಅಸಾಧ್ಯ. ಹೀಗಾಗಿ ಮಾಚೇನಹಳ್ಳಿಯಲ್ಲಿ ಬಾಗಿಲು ಹಾಕಿರುವ ಒಂದು ಕಾರ್ಖಾನೆಯ ಒಳರಸ್ತೆಯನ್ನು ಅದರ ಮಾಲೀಕರಿಂದ ಕೇಳಿ ಪಡೆದೆವು. ಗೇಟಿನಿಂದ ನೀರಿನ ಟ್ಯಾಂಕಿನವರೆಗೆ ನೇರ ದಾರಿ. ಟ್ಯಾಂಕಿನ ಬಳಿ ಫೋನಿನ ಗಡಿಯಾರ ಹಿಡಿದು ನಾನು. ತನ್ನ ಮಾಲಿನ ಮಾನ ಕಾಯಲು ಸೆಲ್ವಂ ಭದ್ರಾವತಿಯಿಂದ ಸ್ಕೂಟರಿನಲ್ಲಿ ಬಂದಿದ್ದ. ಹೊಸದು, ಹಳೆಯದು, ಎರಡನ್ನೂ ಬದಲಿಸಿ ಬದಲಿಸಿ ಜೋಡಿಸುವ ಕೆಲಸ ಅವನದು. ಯಾವುದನ್ನು ಜೋಡಿಸಿದ್ದಾನೆಂದು ರವೀಂದ್ರನಿಗೆ ತಿಳಿಯಬಾರದೆಂದು ಅವನನ್ನು ಗೋಡೆಯ ಕಡೆ ಮುಖ ಮಾಡಿಸಿ ನಿಲ್ಲಿಸಿದೆ. ಮುಖ್ಯವಾದ ಷರತ್ತು ಇನ್ನೊಂದಿತ್ತು. ಗಂಡಸರು ವೇಗವನ್ನು ಅಳೆಯುವುದು ಕಿವಿಯಿಂದ ಎಂಬುದು ನನ್ನ ದೃಢವಾದ ಅನುಮಾನ. ಆದ್ದರಿಂದ ಅವನ ಎರಡೂ ಕಿವಿಗೆ ಹತ್ತಿ ತುರುಕಿ, ಮೇಲೆ ಚಳಿಗಾಲದ ಉಣ್ಣೆಯ ಮಫ್ಲರ್ ಕಟ್ಟಿದೆ. ಸುಡುಬಿಸಿಲಿನಲ್ಲಿ, ಸ್ಪೋರ್ಟ್ಸ್ ಕಾರಿನೊಳಗೆ, ತಲೆಗೆ ಮಫ್ಲರ್ ಸುತ್ತಿಕೊಂಡು ಕೂತ ಅವನನ್ನು ನೋಡಿ ಸೆಲ್ವಂ, "ಸಾರ್, ಹಲ್ಲುನೋವು ಥರ ಇದೆ ಸಾರ್" ಎಂದ. ಸಾರ್‌ಗೆ ಅದು ಕೇಳಿಸಲಿಲ್ಲ.

ಫಲಿತಾಂಶ ನನ್ನ ನಿರೀಕ್ಷೆಯನ್ನೂ ಮೀರಿಸಿತು. ಹೊಸ ಮೂಗಿನ ಕಾರು ಪ್ರತಿ ಓಟದಲ್ಲೂ ಹಳೆಯದಕ್ಕಿಂತ ನಿಧಾನವಾಗಿತ್ತು. ರವೀಂದ್ರನೇ ಕಿಟಕಿಯಿಂದ ತಲೆ ಹಾಕಿ, ಕಿವಿ ಕೇಳಿಸದವರ ದೊಡ್ಡ ದನಿಯಲ್ಲಿ, "ಇದು ಹಳೇ ಡಬ್ಬ ಅಲ್ವಾ? ಸತ್ತಂಗಿದೆ, ಏನೂ ಎಳೆಯಲ್ಲ!" ಎಂದು ಕೂಗಿದ. ಅದು ಹೊಸದಾಗಿತ್ತು. ನಾನು ವಿಜ್ಞಾನ, ಜಾಹೀರಾತು, ಗ್ರಾಹಕನ ಶೋಷಣೆ ಈ ಮೂರನ್ನೂ ಕುರಿತು ಅಲ್ಲಿಯೇ ಮಾತನಾಡಲಾರಂಭಿಸಿದೆ. ಸೆಲ್ವಂ ಮಾತ್ರ ಬಾನೆಟ್ಟಿನೊಳಗೆ ಬಗ್ಗಿದವನು ಮೇಲೇಳಲೇ ಇಲ್ಲ. ಅಷ್ಟೂ ಸಲ ಟೋಪಿಯನ್ನಷ್ಟೇ ಹಿಡಿದು ಅವಸರದಲ್ಲಿ ಜೋಡಿಸಿದ್ದವನು, ಕೊನೆಗೆ ಶೋಧಕವನ್ನು ಬಿಚ್ಚಿ ತಂದು ನನ್ನ ಮುಂದೆ ಹಿಡಿದ.

"ಮೇಡಂ, ಇದೇನು ಫಿಲ್ಟರಾ, ಮಂಗಳಾರತಿ ತಟ್ಟೆನಾ?"

ಎಣ್ಣೆ ಸವರಿದ ಆ ಹತ್ತಿಬಟ್ಟೆಯ ಮಡಿಕೆ ಮಡಿಕೆಗಳಲ್ಲಿ ಅತ್ತೆಯ ಅರಿಶಿನ ಗಾರೆಯಂತೆ ಮೆತ್ತಿಕೊಂಡಿತ್ತು. ಅದರ ಮೇಲೆ ಕುಂಕುಮ, ಅದರ ಮೇಲೆ ಚೆಂಡುಹೂವಿನ ಎಸಳುಗಳು, ಸಂದಿಯಲ್ಲಿ ಅಕ್ಷತೆ. ಎಳೆದುಕೊಳ್ಳಲು ಹುಟ್ಟಿದ ವಸ್ತು, ಕೊಟ್ಟಿದ್ದನ್ನೆಲ್ಲ ಭಕ್ತಿಯಿಂದ ಎಳೆದುಕೊಂಡಿತ್ತು. ರವೀಂದ್ರ ಮಫ್ಲರ್ ಬಿಚ್ಚಿ ಒಗೆದು, "ಟೆಸ್ಟ್ ಕ್ಯಾನ್ಸಲ್! ಮೂಗಿಗೆ ಹೂವು ತುರುಕಿ ಓಡು ಅಂದ್ರೆ ಯಾರು ಓಡ್ತಾರೆ?" ಎಂದು ಕುಣಿದ. ನ್ಯಾಯ ಅವನ ಕಡೆಗಿತ್ತು. ನ್ಯಾಯ ಎದುರಾಳಿಯ ಕಡೆಗಿದ್ದಾಗಲೂ ಒಪ್ಪಬೇಕೆಂದು ಭಾಷಣಗಳಲ್ಲಿ ಹೇಳುತ್ತಿದ್ದವಳು ಆ ದಿನ ಒಪ್ಪಿದೆ, ಹಲ್ಲು ಕಚ್ಚಿಕೊಂಡು.

ಪಕ್ಕದಲ್ಲೇ ಇದ್ದ ಅವನ ವರ್ಕ್‌ಶಾಪಿಗೆ ಒಯ್ದು ಶೋಧಕವನ್ನು ತೊಳೆದು, ಕಂಪ್ರೆಸರಿನ ಗಾಳಿ ಹೊಡೆದು ಒಣಗಿಸಿದರು. ಸೆಲ್ವಂ ಹೊಸದಾಗಿ ಎಣ್ಣೆ ಸವರಿದ. ಮಧ್ಯಾಹ್ನ ಮತ್ತೆ ಹತ್ತಿ, ಮತ್ತೆ ಮಫ್ಲರ್, ಮತ್ತೆ ಗೋಡೆ. ಈ ಸಲ ಟ್ಯಾಂಕಿನ ಬಳಿ ನಿಂತು ಫೋನಿನ ಗಡಿಯಾರವನ್ನು ಎರಡೆರಡು ಬಾರಿ ಸೊನ್ನೆಗೆ ತಂದುಕೊಂಡೆ. ಈ ದರಿದ್ರ ಟೋಪಿ ನಿಜಕ್ಕೂ ವೇಗ ಹೆಚ್ಚಿಸಿದರೆ ಭಾನುವಾರ ವೇದಿಕೆಯ ಮೇಲೆ ನನ್ನ ಕುರ್ಚಿಯಲ್ಲಿ ಜಯಣ್ಣ ಕೂರುತ್ತಾರೆ. ಕಾರು ಬಂತು, ಹೋಯಿತು, ಮತ್ತೆ ಬಂತು. ಗಡಿಯಾರದಲ್ಲಿ ಹೊಸದು, ಹಳೆಯದು, ಎರಡೂ ಒಂದೇ. ಇದ್ದ ಅಲ್ಪ ವ್ಯತ್ಯಾಸವೂ ಒಮ್ಮೆ ಅತ್ತ, ಒಮ್ಮೆ ಇತ್ತ. ಅದು ನನ್ನ ಬೆರಳಿನದೇ ಹೊರತು ಇಂಜಿನ್ನಿನದಲ್ಲ. ಯಾವುದು ಯಾವುದೆಂದು ಹತ್ತಿ ತುರುಕಿಕೊಂಡ ರವೀಂದ್ರನಿಗೂ ಹೇಳಲಾಗಲಿಲ್ಲ. ಕೊನೆಗೆ ಹತ್ತಿ ತೆಗೆಸಿ ಹೊಸ ಮೂಗಿನಲ್ಲಿ ಒಮ್ಮೆ ಓಡಿಸಲು ಬಿಟ್ಟೆ. ಟ್ಯಾಂಕಿನ ಬಳಿ ನಿಲ್ಲಿಸಿದವನ ಮುಖ ಅರಳಿತ್ತು.

"ನೋಡಿದ್ಯಾ ಎಳೆತ? ಈಗ ಹೇಳು!"

ನಾನು ಫೋನನ್ನು ಅವನ ಮುಂದೆ ಹಿಡಿದೆ. ಗಡಿಯಾರದ ಲೆಕ್ಕ ಹಿಂದಿನ ಓಟಗಳದ್ದಕ್ಕಿಂತ ಕದಲಿರಲಿಲ್ಲ. ಅವನು ಫೋನನ್ನು ಕೈಗೆ ತೆಗೆದುಕೊಂಡು ಅಂಕಿಗಳನ್ನು ಒಂದೊಂದಾಗಿ ಹೋಲಿಸಿದ. ವರ್ನಿಯರ್ ಹಿಡಿಯುವ ಮನುಷ್ಯ ಕೊನೆಗೂ ಅವನೊಳಗೆ ಎಚ್ಚರಗೊಂಡ. "ಕಿವಿ ಮೋಸ ಮಾಡ್ತು ಕಣೇ" ಎಂದ, ಸಣ್ಣ ದನಿಯಲ್ಲಿ. ಸೆಲ್ವಂ ಸೋಲೊಪ್ಪಲಿಲ್ಲ. "ಪಿಕಪ್ ಇಲ್ದಿದ್ರೂ ಗೆಟಪ್ ಇದೆಯಲ್ಲಾ ಸಾರ್" ಎಂದು ಸ್ಕೂಟರ್ ಹತ್ತಿದ. ಈ ದೇಶದ ಅರ್ಧದಷ್ಟು ವ್ಯಾಪಾರ, ಮುಕ್ಕಾಲು ಪಾಲು ರಾಜಕಾರಣ ಆ ಒಂದು ವಾಕ್ಯದ ಮೇಲೆ ನಡೆಯುತ್ತಿದೆ ಎಂದು ಅವನ ಬೆನ್ನಿಗೆ ಹೇಳಿದೆ. ಹಳೆಯ ಡಬ್ಬ ಅಂದೇ ತನ್ನ ಜಾಗಕ್ಕೆ ಮರಳಿತು. ಹೊಳೆಯುವ ಟೋಪಿಯನ್ನು ಅತ್ತೆ ತುಳಸಿಕಟ್ಟೆಯ ಬಳಿ ಇಟ್ಟುಕೊಂಡರು, ಪೂಜೆಯಾದದ್ದನ್ನು ಎಸೆಯಬಾರದಂತೆ.

ಭಾನುವಾರ ನಾವು ಸದ್ದಿಲ್ಲದ ಕಾರಿನಲ್ಲಿ ಸಭೆಗೆ ಹೋದೆವು. ಜಯಣ್ಣ ಬಾಗಿಲಲ್ಲೇ ಕೈ ಮುಗಿದು ನನ್ನನ್ನು ಕುರ್ಚಿಗೆ ಕರೆದೊಯ್ದರು. ಇನ್ಸ್‌ಪೆಕ್ಟರ್ ಸಾಹೇಬರು ಮನವಿಯನ್ನು ಮೊದಲೇ ಓದಿಕೊಂಡು ಬಂದಿದ್ದರು. "ನೋಡಿ ಮೇಡಂ, ನೀವು ಕೇಳಿರೋದು ನ್ಯಾಯವಾಗೇ ಇದೆ. ಬೋರ್ಡ್ ಹಾಕಿಸ್ತೀವಿ, ಸೈಲೆನ್ಸರ್ ಚೆಕಿಂಗೂ ಮಾಡ್ತೀವಿ. ಆಯ್ತಲ್ಲ?" ಎಂದು ಆರಂಭದಲ್ಲೇ ಹೇಳಿಬಿಟ್ಟರು. ಆದರೆ ನಾನು ಭಾಷಣ ಸಿದ್ಧಪಡಿಸಿಕೊಂಡಿದ್ದೆ. ಸದ್ದೆಂಬ ಮೂಢನಂಬಿಕೆಯಿಂದ ಆರಂಭಿಸಿ, ಅಬ್ಬರಕ್ಕೂ ಅಧಿಕಾರಕ್ಕೂ ಇರುವ ನಂಟನ್ನು ಬಿಡಿಸಿ, ಮಾಚೇನಹಳ್ಳಿಯ ಪರೀಕ್ಷೆಯನ್ನು ಉದಾಹರಿಸಿ, ಮೈಕನ್ನು ಒಂದೆರಡು ಬಾರಿ ಜೋರು ಮಾಡಿಸಿ ಮಾತನಾಡಿದೆ. ಮೇಜನ್ನು ಗುದ್ದಿದೆನೆಂದೂ ಆಮೇಲೆ ಯಾರೋ ಹೇಳಿದರು. ನಾನು ಮುಗಿಸಿದಾಗ ಸಾಹೇಬರು ಎದ್ದು ನಿಂತು, "ಬೋರ್ಡ್ ಹಾಕಿಸ್ತೀವಿ, ಚೆಕಿಂಗೂ ಮಾಡ್ತೀವಿ" ಎಂದರು. ಚಪ್ಪಾಳೆ ಬಿತ್ತು.

ಇಳಿದು ಬಂದರೆ ರವೀಂದ್ರ ಕೊನೆಯ ಸಾಲಿನಲ್ಲಿ ಕೂತಿದ್ದ. ನಾನು "ಹೇಗಿತ್ತು?" ಎಂದೆ. ಅವನು ಉತ್ತರಿಸಲಿಲ್ಲ. ಮತ್ತೊಮ್ಮೆ, ಸ್ವಲ್ಪ ಏರಿದ ದನಿಯಲ್ಲಿ ಕೇಳಿದೆ. ಆಗ ಅವನು ಮುಗುಳ್ನಕ್ಕು, ಎಡಗಿವಿಯಿಂದ ಒಂದು, ಬಲಗಿವಿಯಿಂದ ಒಂದು ಹತ್ತಿಯುಂಡೆ ತೆಗೆದು ನನ್ನ ಅಂಗೈಯಲ್ಲಿಟ್ಟ.

"ನಿನ್ನ ಮೆಥಡ್ಡೇ ಮಾರಾಯ್ತಿ. ಭಾಷಣಕ್ಕೆ ಮುಂಚೆ ಸಾಹೇಬ್ರು ಎಷ್ಟು ಒಪ್ಪಿದ್ರು, ಆಮೇಲೆ ಎಷ್ಟು ಒಪ್ಪಿದ್ರು ನೋಡ್ದೆ. ಎರಡೂ ಒಂದೇ."