ಅಮ್ಮನ ಕಣ್ಣೂ ಒನ್ ಪಾಯಿಂಟ್ ಎಯ್ಟ್ ಲೆನ್ಸೂ

ನನ್ನ ತಾಯಿ ಮಹಾಲಕ್ಷ್ಮಮ್ಮನವರಿಗೆ ಎರಡು ಕಣ್ಣುಗಳಿವೆ ಎಂಬುದಕ್ಕೆ ನಮ್ಮ ಮನೆಯ ಆಲ್ಬಮ್ಮುಗಳಲ್ಲಿ ಒಂದೇ ಒಂದು ಪುರಾವೆ ಇರಲಿಲ್ಲ. ನಾಮಕರಣ, ಉಪನಯನ, ಗೃಹಪ್ರವೇಶ ಎಲ್ಲದರಲ್ಲೂ ಅಮ್ಮ ಇದ್ದಾರೆ. ಎಲ್ಲದರಲ್ಲೂ ಕಣ್ಣು ಮುಚ್ಚಿದ್ದಾರೆ. ಫ್ಲ್ಯಾಶ್ ಹೊಡೆಯುವ ಗಳಿಗೆಗೆ ಸರಿಯಾಗಿ ಅವರ ರೆಪ್ಪೆ ಇಳಿಯುತ್ತದೆ. ಕುಣಿಗಲ್ಲಿನಲ್ಲಿ ನಡೆದ ನನ್ನ ಮದುವೆಯಲ್ಲಿ ಫೋಟೋಗ್ರಾಫರು ಒಂದು, ಎರಡು, ಮೂರು ಎಂದು ಎಣಿಸಿ ತೆಗೆದರು. ಅಮ್ಮ ಮೂರಕ್ಕೆ ಮುಚ್ಚಿದರು. ಮುಂದಿನ ಸಲ ಆತ ಮೋಸ ಮಾಡಿ ಎರಡಕ್ಕೇ ಹೊಡೆದ. ಅಮ್ಮ ಎರಡಕ್ಕೇ ಮುಚ್ಚಿದರು. (ಧಾರೆಯ ಫೋಟೋ ನೋಡಿದವರೊಬ್ಬರು, "ನಿಮ್ಮತ್ತೆಗೆ ಈ ಸಂಬಂಧ ನೋಡೋಕೇ ಇಷ್ಟ ಇರ್ಲಿಲ್ವಾ?" ಎಂದು ನನ್ನ ಹೆಂಡತಿ ಶಾರದಳನ್ನು ಕೇಳಿಯೂ ಬಿಟ್ಟರು.)

ತೊಂಬತ್ತೆಂಟನೇ ಇಸವಿಯಲ್ಲಿ, ಎಪ್ಪತ್ತು ತುಂಬಿದ ಮಾರನೆಯ ದಿನ, ಅಮ್ಮ ಈ ವಿಷಯವನ್ನು ತಾವೇ ಎತ್ತಿದರು.

"ಪಟ್ಟಾಭಿ, ನಾನು ಹೋದ್ಮೇಲೆ ಗೋಡೆಗೆ ಯಾವ ಫೋಟೋ ಹಾಕ್ತೀಯೋ?"

"ಈಗ್ಯಾಕಮ್ಮ ಆ ಮಾತು?"

"ಈಗ್ಲೇ ಮಾತಾಡ್ಬೇಕು. ನಿಮ್ಮಪ್ಪನ್ನ ನೋಡು!"

ಅಪ್ಪನನ್ನು ನೋಡಿದೆ. ಗೋಡೆಯ ಮೇಲೆ ಅಪ್ಪ ಗಂಧದ ಹಾರ ಹಾಕಿಕೊಂಡು ಕೂತಿದ್ದಾರೆ. ಅವರು ತೀರಿಕೊಂಡಾಗ ಒಂಟಿ ಫೋಟೋ ಸಿಗದೆ, ಆಫೀಸಿನ ಗ್ರೂಪ್ ಫೋಟೋದಿಂದ ಅವರೊಬ್ಬರನ್ನೇ ಕತ್ತರಿಸಿ ದೊಡ್ಡದು ಮಾಡಿಸಿದ್ದೆವು. ಪಕ್ಕದಲ್ಲಿ ಕೂತಿದ್ದ ಸಿದ್ದಯ್ಯನವರು ಪೂರ್ತಿ ಹೋದರು, ಮೊಣಕೈ ಮಾತ್ರ ಉಳಿದುಬಿಟ್ಟಿತು. ಹನ್ನೆರಡು ವರ್ಷಗಳಿಂದ ಆ ಮೊಣಕೈಯೂ ಅಪ್ಪನ ಜೊತೆ ಊದಿನಕಡ್ಡಿಯ ಹೊಗೆ ಕುಡಿಯುತ್ತಿದೆ. ಸಿದ್ದಯ್ಯನವರು ಗಟ್ಟಿಮುಟ್ಟಾಗಿ ಬದುಕಿದ್ದಾರೆ. ಪ್ರತಿ ವರ್ಷ ಅಪ್ಪನ ತಿಥಿಯ ಸಂಜೆ ತಪ್ಪದೆ ಬಂದು, ಕಾಫಿ ಕುಡಿಯುತ್ತಾ ತಮ್ಮ ಮೊಣಕೈಯನ್ನು ದಿಟ್ಟಿಸಿ ಹೋಗುತ್ತಾರೆ.

"ಮಕ್ಕಳು ಮೊಮ್ಮಕ್ಕಳು ಬಂದು ಕೈ ಮುಗಿದಾಗ ನಾನು ಅವರನ್ನ ನೋಡ್ಬೇಕು ಕಣೋ. ಕಣ್ಣು ಮುಚ್ಚಿಕೊಂಡು ನಿಂತಿರ್ಲಾ? ನಂಗೆ ಕಣ್ಣು ಬಿಟ್ಟಿರೋದು ಒಂದು ಬೇಕು. ಆದ್ರೆ ಆ ಮಿಂಚು ಹೊಡೀಬೇಡ."

ತುಮಕೂರಿನ ಸತ್ಯಮಂಗಲದ ಕಾರ್ಖಾನೆಯಲ್ಲಿ ಸೂಪರ್‌ವೈಸರನಾದ ನನ್ನ ಎದೆಯೊಳಗಿನ ಛಾಯಾಗ್ರಾಹಕ ಧಡಕ್ಕನೆ ಎದ್ದು ಕೂತ. ನನ್ನ ಹತ್ತಿರ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಒಂದಿತ್ತು. ಅದಕ್ಕೆ ಪಡವಲಕಾಯಿಯಂತೆ ಉದ್ದವಾಗುವ ಜೂಮ್ ಲೆನ್ಸು. ಅದನ್ನು ಎತ್ತಿಕೊಂಡು ಸ್ಟುಡಿಯೋ ನಯಾಜ್ ಅಹಮದ್ ಅವರ ಬಳಿ ಓಡಿದೆ. ತುಮಕೂರಿನ ಅರ್ಧ ಊರಿನ ಮದುವೆಗಳು ಅವರ ಕಣ್ಣ ಮುಂದೆಯೇ ಆಗಿವೆ.

"ಸಾರ್, ನಿಮ್ಮ ಜೂಮು ಬೆಳಕನ್ನ ಚಮಚದಲ್ಲಿ ಕುಡಿಯತ್ತೆ," ಎಂದು ನಯಾಜ್ ಕಪಾಟಿನಿಂದ ಗಿಡ್ಡನೆಯ ಲೆನ್ಸೊಂದನ್ನು ತೆಗೆದರು. "ಇದು ಚೊಂಬಲ್ಲಿ ಕುಡಿಯತ್ತೆ. ಫಿಫ್ಟಿ ಎಂ.ಎಂ., ಒನ್ ಪಾಯಿಂಟ್ ಎಯ್ಟ್, ಅಂದ್ರೆ ಬಾಯಿ ಅಷ್ಟು ಅಗಲ. ಬೆಲೆ ಬಡವ್ರದ್ದು, ಕೆಲ್ಸ ಸಾಹುಕಾರ್ರದ್ದು. ಇದಕ್ಕೆ ಫ್ಲ್ಯಾಶೇ ಬೇಡ, ಲಾಟೀನು ಸಾಕು."

"ಲಾಟೀನು ಸಾಕಾ!"

"ಸಾಕು. ಆದ್ರೆ ಎರಡು ವಿಷ್ಯ ಜ್ಞಾಪಕ ಇಟ್ಕೊಳಿ. ಇದು ಜೂಮ್ ಆಗಲ್ಲ. ಹತ್ರ ಬೇಕಾದ್ರೆ ನೀವೇ ಮುಂದೆ ಹೋಗಿ, ದೂರ ಬೇಕಾದ್ರೆ ನೀವೇ ಹಿಂದೆ ಬನ್ನಿ. ಇನ್ನೊಂದು, ಬಾಯಿ ಪೂರ್ತಿ ತೆರೆದಾಗ ಇದ್ರ ಫೋಕಸ್ಸು ನಾಲ್ಕು ಬೆರಳಗಲ ಅಷ್ಟೇ. ಕಣ್ಣಿಗೇ ಇಡಿ. ಕಿವಿಗಿಟ್ರೋ, ಕಣ್ಣು ಹೋಯ್ತು."

ಕಾನ್ವೆಂಟಿನಲ್ಲಿ ಓದಿದವನು ನಾನು. 'ಬೆಳಕಾಗಲಿ' ಎಂದು ದೇವರು ಅಂದದ್ದನ್ನೂ, ತಕ್ಷಣ ಬೆಳಕಾದದ್ದನ್ನೂ ಸಿಸ್ಟರುಗಳು ವರ್ಷಗಟ್ಟಲೆ ಹೇಳಿಕೊಟ್ಟಿದ್ದರು. ತುಮಕೂರಿನ ಸದಾಶಿವನಗರದ ನಮ್ಮ ಬೀದಿಯಲ್ಲಿ ಸಂಜೆ ಆರೂವರೆಗೆ ಕರೆಂಟು ಹೋಗುವಾಗಲೆಲ್ಲ ಆ ಪಾಠದ ಮೇಲೆ ನನಗೆ ಅನುಮಾನ ಬರುತ್ತಿತ್ತು. ಈ ಲೆನ್ಸು ಕೈಗೆ ಬಂದ ಮೇಲೆ ಅನುಮಾನ ಹೋಯಿತು. ಕರೆಂಟು ಹೋದರೆ ಹಿಗ್ಗುವ ಏಕೈಕ ಗೃಹಸ್ಥ ನಾನಾದೆ!

ಮೊದಲ ರೋಲು ಎರಡೇ ದಿನದಲ್ಲಿ ಮುಗಿಯಿತು. ಕಾಫಿ ಲೋಟ ತೆಗೆದೆ. ಲೋಟದ ಅಂಚು ಥಳಥಳ, ಹಿಂದಿನ ಅಡಿಗೆಮನೆ ಬೆಣ್ಣೆಯಂತೆ ಕರಗಿಹೋಗಿತ್ತು. ಹಸಿಮೆಣಸಿನಕಾಯಿ ತೆಗೆದೆ. ಸ್ಕೂಟರಿನ ಕನ್ನಡಿ ತೆಗೆದೆ. ಕಿಟಕಿಯ ಪಕ್ಕ ಸೊಪ್ಪು ಬಿಡಿಸುತ್ತಿದ್ದ ಶಾರದಳನ್ನು ಅವಳಿಗೆ ತಿಳಿಯದಂತೆ ತೆಗೆದೆ. ಪ್ರಿಂಟು ಬಂದಾಗ ಹೆಮ್ಮೆಯಿಂದ ಅವಳ ಕೈಗಿಟ್ಟೆ.

"ಇದೇನ್ರೀ, ಮೂಗು ಮಾತ್ರ ಇದೆ?"

"ಅದೇ ಕಣೇ ಕಲೆ!"

"ಇಪ್ಪತ್ತೆರಡು ವರ್ಷ ಸಂಸಾರ ಮಾಡಿ ನಿಮ್ಗೆ ನನ್ನಲ್ಲಿ ಕಂಡಿದ್ದು ಮೂಗೊಂದೇನಾ? ಉಳಿದಿದ್ದೆಲ್ಲ ಮಬ್ಬಾ?"

ಅಂದಿನಿಂದ ಅವಳು ನನ್ನನ್ನು 'ಪಟಾಭಿರಾಮ' ಎಂದು ಕರೆಯತೊಡಗಿದಳು. ನಾನೂ ಬಿಡಲಿಲ್ಲ. ಕ್ಯಾಮೆರಾವನ್ನು ಅವಳ ಕಣ್ಣಿಗೆ ಹಿಡಿದು, "ನೋಡು, ಮಧ್ಯದಲ್ಲಿ ದುಂಡಗೆ ಕಾಣ್ತಾ ಇದ್ಯಲ್ಲ, ಅದರೊಳಗೆ ಎರಡು ತುಂಡಾಗಿರೋ ಚಿತ್ರ ಒಂದಾಗ್ಬೇಕು. ಆವಾಗ ಒತ್ತು," ಎಂದು ದಿನಕ್ಕೆ ನಾಲ್ಕು ಸಲ ಪಾಠ ಮಾಡಿದೆ. ಅವಳು ದಿನಕ್ಕೆ ನಾಲ್ಕು ಸಲ ಆಕಳಿಸಿದಳು.

ಅಮ್ಮನ ಫೋಟೋಕ್ಕೆ ಶುಕ್ರವಾರ ಸಂಜೆ ನಿಗದಿಯಾಯಿತು. ದೇವರ ದೀಪ ಹಚ್ಚಿ, ಕಡುಹಸಿರು ಸೀರೆಯುಟ್ಟು ಅಮ್ಮ ನಡುಮನೆಯ ಕುರ್ಚಿಯಲ್ಲಿ ಕೂತರು. ಆರೂವರೆಗೆ ಸರಿಯಾಗಿ ಕರೆಂಟು ಹೋಯಿತು. ಪಕ್ಕದ ಸ್ಟೂಲಿನ ಮೇಲೆ ಲಾಟೀನಿಟ್ಟೆ. ಆಹಾ, ಆ ಹೊಂಬಣ್ಣ! ಅಮ್ಮನ ಕೆನ್ನೆಯ ಒಂದೊಂದು ಸುಕ್ಕೂ ಜರಿಯ ಅಂಚಿನಂತೆ ಹೊಳೆಯುತ್ತಿತ್ತು. ಹೊಸ ರೋಲಿನ ಮೂವತ್ತಾರು ಫೋಟೋಗಳಲ್ಲಿ ಒಂದಾದರೂ ಅಮರವಾಗುವುದರಲ್ಲಿ ನನಗೆ ಸಂಶಯವೇ ಇರಲಿಲ್ಲ.

ಅದೇ ದಿನ ಮಧ್ಯಾಹ್ನ ನಮ್ಮ ಬೀದಿಗೆ ನಲ್ಲಿ ನೀರು ಬಂದಿತ್ತು. ಮೂರು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ, ನೀರು ಬಂದ ದಿನ ನಡುಮನೆ ನಡುಮನೆಯಾಗಿ ಉಳಿಯುವುದಿಲ್ಲ. ಬಿಂದಿಗೆ, ಬಕೆಟ್ಟು, ಕೊಳದಪ್ಪಲೆ ಎಲ್ಲ ತುಂಬಿದ ಮೇಲೂ ಶಾರದ ಬಿಡದೆ, ಒಬ್ಬರು ಕಾಲು ಮಡಿಸಿ ಕೂರಬಹುದಾದಷ್ಟು ದೊಡ್ಡ ನೀಲಿ ಟಬ್ಬನ್ನೂ ತುಂಬಿಸಿಟ್ಟಿದ್ದಳು.

"ರೀ, ನಿಮ್ಮ ಹಿಂದೆ ಟಬ್ಬಿದೆ."

"ಗೊತ್ತು ಕಣೇ."

"ಗೊತ್ತಿದ್ರೆ ಸರಿ."

ಫೋಕಸ್ ಮಾಡಿ ಒತ್ತಿದೆ. 'ಟಕ್' ಎಂದಿತು. ಆ ಟಕ್ಕಿಗೆ ಅಮ್ಮ ಕಣ್ಣು ಮುಚ್ಚಿದರು.

"ಅಮ್ಮಾ, ಮುಚ್ಚಿದ್ರಲ್ಲ!"

"ಹೊಡೆದ್ಯಾ? ಮಿಂಚೇ ಬರ್ಲಿಲ್ಲ?"

"ಬರಲ್ಲ ಅಂದ್ನಲ್ಲಮ್ಮ."

"ಬೆಳಕೇ ಬರ್ಲಿಲ್ಲ ಅಂದ್ಮೇಲೆ ಅದೆಂಥ ಫೋಟೋನೋ? ಬರತ್ತೇನೋ ಅಂತ ಕಾಯ್ತಾ ಇದೀನಿ."

ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಐವತ್ತು ವರ್ಷಗಳಿಂದ ಮಿಂಚಿಗೆ ಪಳಗಿದ ರೆಪ್ಪೆಗಳು ಬಾರದ ಮಿಂಚಿಗಾಗಿ ಮುಚ್ಚಿಕೊಂಡೇ ಕಾಯುತ್ತಿದ್ದವು! ಕತೆ ಹೇಳಿ ಮರೆಸಲು ನೋಡಿದೆ, ಟಕ್ಕಿಗೆ ಮುಚ್ಚಿದರು. ಹತ್ತಿರ ಹೋದೆ, ಲೆನ್ಸು ನೋಡಿ ಹೆದರಿ ಮುಚ್ಚಿದರು. ಅಪರೂಪಕ್ಕೆ ಕಣ್ಣು ತೆರೆದೇ ಇದ್ದಾಗ ನನ್ನ ಅವಸರಕ್ಕೆ ಫೋಕಸ್ಸು ಕಿವಿಯ ಓಲೆಗೆ ಹೋಯಿತು. ಶಾರದ ಗೋಡೆಗೊರಗಿ, "ಹದಿನೇಳು... ಹದಿನೆಂಟು..." ಎಂದು ಕ್ರಿಕೆಟ್ ಸ್ಕೋರಿನಂತೆ ಹೇಳುತ್ತಿದ್ದಳು. ಮೂವತ್ತೈದು ಮುಗಿದಾಗ ನನ್ನ ಬನಿಯನ್ ಬೆವರಿನಿಂದ ಒದ್ದೆಯಾಗಿತ್ತು.

"ಇನ್ನು ಒಂದೇ," ಎಂದಳು.

"ಸಾಕು ಬಿಡೋ," ಅಮ್ಮನ ಧ್ವನಿ ಸಣ್ಣಗಾಯಿತು. "ನನ್ನ ಹಣೇಲಿ ಇಷ್ಟೇ ಬರೆದಿದೆ. ಮದುವೆ ಫೋಟೋನೇ ಹಾಕ್ಬಿಡು. ಧ್ಯಾನ ಮಾಡ್ತಿದ್ರು ಅಂದ್ಕೋತಾರೆ."

ಇಲ್ಲ, ಕೊನೆಯದನ್ನು ಹೇಗಾದರೂ ಗೆಲ್ಲಲೇಬೇಕು! ಲಾಟೀನು, ಕುರ್ಚಿ, ಹಸಿರು ಸೀರೆ, ಎಲ್ಲವೂ ಬರಲಿ ಎಂದು ಕಣ್ಣನ್ನು ಕ್ಯಾಮೆರಾಕ್ಕೆ ಅಂಟಿಸಿಕೊಂಡೇ ಒಂದು ಹೆಜ್ಜೆ ಹಿಂದಿಟ್ಟೆ. ಜೂಮಿಲ್ಲದ ಲೆನ್ಸಿಗೆ ಕಾಲೇ ಜೂಮು. ಇನ್ನೊಂದು ಹೆಜ್ಜೆ ಇಟ್ಟೆ.

"ರೀ, ಟಬ್..."

ಧೊಪ್!

ಟಬ್ಬು ನನ್ನನ್ನು ಅಳತೆ ಕೊಟ್ಟು ಹೊಲಿಸಿದಂತೆ ಒಳಗಿಳಿಸಿಕೊಂಡಿತು. ಸೊಂಟ ನೀರಿನೊಳಗೆ, ಎರಡು ಪಾದಗಳು ಆಕಾಶಕ್ಕೆ. ಆದರೂ, ಓದುಗ ಮಹಾಶಯರೇ, ಕ್ಯಾಮೆರಾವನ್ನು ಮಾತ್ರ ಎರಡು ಕೈಯಲ್ಲಿ ಗೋವರ್ಧನಗಿರಿಯಂತೆ ಎತ್ತಿ ಹಿಡಿದಿದ್ದೆ! ಶಾರದ ಓಡಿ ಬಂದಳು. ಧರ್ಮಪತ್ನಿ ಎಂದರೆ ಹೀಗಿರಬೇಕು ಎಂದುಕೊಂಡು ಕೈ ಚಾಚಿದೆ. ಅವಳು ನನ್ನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡು, ನನ್ನ ತಲೆಯ ಹಿಂದೆ ನಿಂತಳು.

ಆಗ ಆ ಸದ್ದು ಕೇಳಿಸಿತು. ಅಮ್ಮ ನಗುತ್ತಿದ್ದರು. ಸೆರಗು ಬಾಯಿಗಿಡುವುದನ್ನೂ ಮರೆತು, ಕಣ್ಣರಳಿಸಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಪ್ಪ ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಆ ನಗುವಿನಲ್ಲಿ 'ಟಕ್' ಎಂದದ್ದು ಯಾರಿಗೂ ಕೇಳಿಸಲಿಲ್ಲ.

ನಾಲ್ಕು ದಿನದ ಮೇಲೆ ನಯಾಜ್ ಲಕೋಟೆಯನ್ನು ಕೈಗಿಡುತ್ತಾ ಕೇಳಿದರು: "ಸಾರ್, ಮೂವತ್ತೈದು ನೀವು ತೆಗ್ದಿದ್ದು, ಕೊನೇದು ಮೇಡಂ ತೆಗ್ದಿದ್ದು, ಅಲ್ವಾ?"

"ಹೇಗೆ ಗೊತ್ತಾಯ್ತು?"

"ಕೊನೇದ್ರಲ್ಲಿ ನೀವೇ ಇದೀರಲ್ಲ ಸಾರ್."

ನೋಡಿದೆ. ಅಮ್ಮನ ಎರಡು ಕಣ್ಣುಗಳು! ಒಂದೊಂದರಲ್ಲೂ ಒಂದೊಂದು ಪುಟ್ಟ ಲಾಟೀನು. ರೆಪ್ಪೆಯ ಕೂದಲು ಎಣಿಸಬಹುದು. ಹಿಂದಿನ ಗೋಡೆ ಕರಗಿಹೋಗಿದೆ. ಮುಂದೆ, ಕೆಳಗಿನ ಮೂಲೆಯಿಂದ ಅಮ್ಮನ ಗಲ್ಲದವರೆಗೆ, ಮಂಜಿನಲ್ಲಿ ತೇಲುವಂತೆ, ದಿವ್ಯವಾದ ಎರಡು ಪಾದಗಳು.

"ಇವನ್ನ ಕತ್ತರಿಸಿಬಿಡಿ," ಎಂದೆ.

"ನಿಮ್ಮ ಪಾದ ಕತ್ತರಿಸಿದ್ರೆ ಅಮ್ಮನ ಗಲ್ಲ ಹೋಗತ್ತೆ ಸಾರ್. ಇರ್ಲಿ ಬಿಡಿ. ಎಷ್ಟು ಚೆನ್ನಾಗಿ ಬ್ಲರ್ ಆಗಿದೀರ!"

ಮನೆಯಲ್ಲಿ ಅಮ್ಮ ಫೋಟೋವನ್ನು ತುಂಬ ಹೊತ್ತು ನೋಡಿದರು. "ನಂಗೆ ಕಣ್ಣು ಇಷ್ಟು ಚೆನ್ನಾಗಿದ್ಯೇನೇ ಶಾರದಾ?" ಎಂದು ಸೊಸೆಯ ಕೈ ಹಿಡಿದುಕೊಂಡರು. ನಾನು ಫೋಕಸ್ಸಿನ ಪಾಠ ಹೇಳಿಕೊಟ್ಟವನು ಯಾರೆಂದು ನೆನಪಿಸಹೋದೆ. ಯಾರಿಗೂ ಪುರುಸೊತ್ತಿರಲಿಲ್ಲ. ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಈಗಲೇ ಅಪ್ಪನ ಪಕ್ಕದಲ್ಲಿ ತೂಗುಹಾಕಬೇಕೆಂದು ಅಮ್ಮನ ಆಜ್ಞೆಯಾಯಿತು. "ಇರೋವಾಗ್ಲೇ ನಾನೂ ಒಂದಷ್ಟು ದಿನ ನೋಡ್ಕೋತೀನಿ."

ಮುಂದಿನ ವಾರ ಗುಬ್ಬಿಯಿಂದ ಚಿಕ್ಕಮ್ಮ ವನಜಮ್ಮ ಬಂದರು. ಫೋಟೋ ನೋಡಿದ್ದೇ ಚಪ್ಪಲಿ ಬಿಟ್ಟ ಜಾಗದಲ್ಲೇ ಕೈ ಮುಗಿದರು.

"ಯಾವ ಗುರುಗಳ ಪಾದ ಅಕ್ಕಾ? ನೀನು ದರ್ಶನ ಮಾಡ್ತಾ ಇರೋ ಹಾಗಿದೆ?"

ಅಮ್ಮ ಸೆರಗು ಬಾಯಿಗಿಟ್ಟುಕೊಂಡರು. ಶಾರದ ಮಾತ್ರ ನಗದೆ, "ನಮ್ಮ ಮನೆ ಗುರುಗಳದೇ ಚಿಕ್ಕಮ್ಮ. ಜಲವಾಸದಲ್ಲಿದ್ದಾಗ ತೆಗ್ದಿದ್ದು," ಎಂದಳು. ಚಿಕ್ಕಮ್ಮ ಮುಡಿಯಿಂದ ಒಂದೆಳೆ ಮಲ್ಲಿಗೆ ಕಿತ್ತು, ಬದುಕಿರುವವರ ಮುಖಕ್ಕೆ ಹೂವಿಡಬಾರದೆಂದು ಜೋಪಾನವಾಗಿ ಪಾದದ ಹತ್ತಿರ ಮಾತ್ರ ಸಿಕ್ಕಿಸಿದರು. ಅಂದಿನಿಂದ ಅದೇ ಪದ್ಧತಿಯಾಗಿದೆ. ಪ್ರತಿ ಶುಕ್ರವಾರ ಪಾದಕ್ಕೆ ಹೂವು ತಪ್ಪದೆ ಬೀಳುತ್ತದೆ. (ಪಾದದ ಒಡೆಯನಿಗೆ ಕಾಫಿ ತಪ್ಪಿದ ಶುಕ್ರವಾರಗಳಿವೆ.)

ಆ ವರ್ಷ ಅಪ್ಪನ ತಿಥಿಯ ಸಂಜೆ ಎಂದಿನಂತೆ ಸಿದ್ದಯ್ಯನವರು ಬಂದರು. ಕಾಫಿ ಹಿಡಿದು ಗೋಡೆಯ ಕಡೆ ನೋಡಿದರು. ಮೊದಲು ತಮ್ಮ ಮೊಣಕೈ. ಆಮೇಲೆ ಅಮ್ಮನ ಕಣ್ಣು. ಆಮೇಲೆ ಹೂವು ಮುಡಿದ ಪಾದ. ಆಮೇಲೆ ನಿಧಾನವಾಗಿ ತಿರುಗಿ ನನ್ನ ಕಾಲನ್ನು ನೋಡಿದರು. ಲೋಟ ಕೆಳಗಿಟ್ಟು, ಹತ್ತಿರ ಬಂದು, ಆ ಪ್ರಸಿದ್ಧ ಮೊಣಕೈಯಿರುವ ಕೈಯನ್ನೇ ನನ್ನ ಹೆಗಲ ಮೇಲೆ ಹಾಕಿ ಹೇಳಿದರು:

"ಮೊದ್ಲು ಒಂದೆರಡು ವರ್ಷ ಒಂಥರಾ ಅನ್ಸತ್ತೆ ಕಣಪ್ಪ ಪಟ್ಟಾಭಿ. ಆಮೇಲೆ ಅಭ್ಯಾಸ ಆಗೋಗತ್ತೆ."